ಚಿತ್ರಗುಪ್ತನ ಲೆಕ್ಕದ ಪುಸ್ತಕ ಬರೆಯುವವರು ಯಾರು?

ಅಜ್ಜಿ ತೀರಿಕೊಂಡಿದ್ದು ಬೆಳಗಿನ ಜಾವ ನಾಲ್ಕೂವರೆಗೆ. ಐದು ಗಂಟೆಗೆಲ್ಲ ಮನೆಯಲ್ಲಿ ಜಗಳ ಶುರುವಾಗಿತ್ತು. ಆಸ್ತಿಗಲ್ಲ, ಅಜ್ಜಿಯ ಕಣ್ಣಿಗೆ.

ಎರಡು ವರ್ಷದ ಹಿಂದೆ ಅಜ್ಜಿ ನೇತ್ರದಾನದ ಫಾರ್ಮಿಗೆ ಸಹಿ ಹಾಕಿದ್ದಳು. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಫ್ಯಾನ್ ನಿಲ್ಲಿಸಿ, ತಲೆಗೆ ದಿಂಬು ಕೊಟ್ಟು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ನಾವು ಹೊರಟೆವು ಎಂದು ಐ ಬ್ಯಾಂಕಿನವರು ಫೋನಿನಲ್ಲಿ ಹೇಳಿದರು. ದೊಡ್ಡಪ್ಪ ಮಾತ್ರ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. "ಮುಂದಿನ ಜನ್ಮದಲ್ಲಿ ಅಮ್ಮ ಕುರುಡಿಯಾಗಿ ಹುಟ್ಟಬೇಕಾ?"

ಸೋದರತ್ತೆ ಅಳು ನಿಲ್ಲಿಸಿ ಹೇಳಿದಳು: "ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ ಅಂತ ದಿನಾ ಹೇಳೋನು ನೀನೇ ಅಲ್ವಾ ಅಣ್ಣ? ಕಣ್ಣು ಕೊಟ್ಟು ಹೋದವಳಿಗೆ ದೇವರು ಇನ್ನೂ ಒಳ್ಳೇ ಕಣ್ಣು ಕೊಡ್ತಾನೆ."

ಮುಂದಿನ ಜನ್ಮ ಅನ್ನೋದೇ ಇಲ್ಲ ಎಂದು ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಇಬ್ಬರಿಗೂ ಪುನರ್ಜನ್ಮದಲ್ಲಿ ನಂಬಿಕೆ ಇತ್ತು. ಒಬ್ಬರಿಗೆ ಆ ನಂಬಿಕೆ "ಕೊಡಬೇಡ" ಎಂದಿತು, ಇನ್ನೊಬ್ಬರಿಗೆ "ಕೊಡು" ಎಂದಿತು. ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

"ದೇವರ ಭಯ ಹೋಯ್ತು, ಅದಕ್ಕೇ ಜನ ಕೆಟ್ಟಿದ್ದು" ಎನ್ನುವವರು ನಮ್ಮಲ್ಲಿ ತುಂಬ ಜನ. ಸ್ವರ್ಗ ನರಕ ಎಲ್ಲ ಸುಮ್ನೆ ಕಟ್ಟಿದ ಕತೆ, ಅದರಿಂದ ಯಾರೂ ಬದಲಾಗಲ್ಲ ಎನ್ನುವವರೂ ಇದ್ದಾರೆ. ನನಗೆ ಎರಡೂ ಅರ್ಧ ಮಾತು ಅನ್ನಿಸುತ್ತದೆ. ಸತ್ತ ಮೇಲೆ ಲೆಕ್ಕ ಕೇಳುವವರಿದ್ದಾರೆ ಎಂಬ ನಂಬಿಕೆಗೆ ಬಲ ಇದೆ. ಆದರೆ ಆ ಬಲ ಯಾವ ಕಡೆ ಎಳೆಯುತ್ತದೆ ಎನ್ನುವುದು ಲೆಕ್ಕದ ಪುಸ್ತಕದಲ್ಲಿ ಏನೇನು ಬರೆದುಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ. ಅದನ್ನು ತೀರ್ಮಾನ ಮಾಡುವವರು ಇಲ್ಲೇ, ಈ ಲೋಕದಲ್ಲೇ ಇರುವವರು.

ಕಣ್ಣಿನ ವಿಷಯವನ್ನೇ ಹಿಡಿದು ಸ್ವಲ್ಪ ದಕ್ಷಿಣಕ್ಕೆ ಹೋಗೋಣ. ಶ್ರೀಲಂಕಾದಲ್ಲಿ ಹಡ್ಸನ್ ಸಿಲ್ವಾ ಎಂಬ ವೈದ್ಯರು 1958ರಲ್ಲಿ ಕಣ್ಣು ಕೊಡಿ ಎಂದು ಜನರಲ್ಲಿ ಮನವಿ ಮಾಡಿದರು. 1961ರಲ್ಲಿ ನೇತ್ರದಾನ ಸಂಸ್ಥೆ ಕಟ್ಟಿದರು. ಆ ಪುಟ್ಟ ದೇಶದಿಂದ ಆಮೇಲೆ ಹತ್ತಾರು ದೇಶಗಳಿಗೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಹೋಯಿತು. ಮಾಜಿ ಅಧ್ಯಕ್ಷ ಜಯವರ್ಧನೆ 1996ರಲ್ಲಿ ತೀರಿಕೊಂಡಾಗ ಅವರ ಕಣ್ಣು ಜಪಾನಿಗೆ ಹೋಯಿತು. ಶ್ರೀಲಂಕಾದ ಬೌದ್ಧರೂ ಪುನರ್ಜನ್ಮ ನಂಬುವವರೇ. ನಮ್ಮ ದೊಡ್ಡಪ್ಪನ ಹೆದರಿಕೆ ಅವರಿಗೆ ಯಾಕೆ ಬರಲಿಲ್ಲ?

ಒಂದು ಕಾರಣ, ಅವರು ಕೇಳಿ ಬೆಳೆದ ಕತೆ. ನಮಗೆ ಶಿಬಿ ಚಕ್ರವರ್ತಿ ಅಂದರೆ ಪಾರಿವಾಳ ಉಳಿಸಲು ತೊಡೆಯ ಮಾಂಸ ಕೊಟ್ಟವನು. ಬೌದ್ಧರ ಜಾತಕ ಕತೆಯಲ್ಲಿ ಶಿಬಿ ರಾಜ ಕುರುಡ ಬ್ರಾಹ್ಮಣನಿಗೆ ತನ್ನ ಎರಡೂ ಕಣ್ಣು ಕಿತ್ತು ಕೊಡುತ್ತಾನೆ. ಆ ರಾಜನೇ ಮುಂದೆ ಬುದ್ಧನಾಗುತ್ತಾನೆ. ಚಿಕ್ಕಂದಿನಿಂದ ಈ ಕತೆ ಕೇಳಿದವನಿಗೆ ಕಣ್ಣು ಕೊಡುವುದು ನಷ್ಟ ಅಲ್ಲ, ಬುದ್ಧನ ದಾರಿಯಲ್ಲಿ ಒಂದು ಹೆಜ್ಜೆ. ಮುಂದಿನ ಜನ್ಮಕ್ಕೆ ಕಟ್ಟಿಟ್ಟ ಬುತ್ತಿ.

ಹಾಗೆ ನೋಡಿದರೆ ನಮ್ಮಲ್ಲೂ ಕತೆ ಇತ್ತು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡರ ಕಣ್ಣಪ್ಪ ಯಾರಿಗೆ ಗೊತ್ತಿಲ್ಲ? 1954ರಲ್ಲಿ ಅದೇ ಕಣ್ಣಪ್ಪನಾಗಿ ತೆರೆಗೆ ಬಂದ ರಾಜಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಅವರ ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲೆ ರಾಜ್ಯದಲ್ಲಿ ಕಣ್ಣು ಬರೆದುಕೊಡಲು ಜನ ಮುಗಿಬಿದ್ದರು. "ಮುಂದಿನ ಜನ್ಮದಲ್ಲಿ ಕುರುಡ" ಎಂಬ ಮಾತಿಗೆ ಯಾರೂ ಶಾಸ್ತ್ರ ತೆಗೆದು ಉತ್ತರ ಕೊಟ್ಟಿರಲಿಲ್ಲ. ಅಪ್ಪು ಕುರುಡನಾಗಿ ಹುಟ್ಟುತ್ತಾನೆ ಎಂದು ಹೇಳುವ ಧೈರ್ಯ ಯಾರಿಗಿದೆ? ಅಷ್ಟೇ ಸಾಕಾಯಿತು.

ಪರಲೋಕವನ್ನು ಇಹಲೋಕದ ಕೆಲಸಕ್ಕೆ ಹಚ್ಚುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಊರ ಕೆರೆ ಏರಿಯ ಮೇಲೋ ಗುಡಿಯ ಹಿಂದೋ ನಿಂತ ಒಂದು ದಾನಶಾಸನದ ಹತ್ತಿರ ಹೋಗಿ ನೋಡಿ. ಮೇಲೆ ಸೂರ್ಯ, ಚಂದ್ರ. ಈ ದಾನ ಅವರಿರುವ ತನಕ ನಡೆಯಲಿ ಎಂದರ್ಥ. ನಡುವೆ ಯಾರು, ಯಾವಾಗ, ಎಷ್ಟು ಭೂಮಿ ಬಿಟ್ಟರು, ಗಡಿ ಎಲ್ಲಿಂದ ಎಲ್ಲಿಗೆ ಎಂಬ ವಿವರ. ಕೊನೆಗೆ ಶಾಪ. ಹೆಚ್ಚಿನ ಕಲ್ಲುಗಳಲ್ಲಿ ಒಂದೇ ಶ್ಲೋಕ ಮತ್ತೆ ಮತ್ತೆ ಬರುತ್ತದೆ: ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಸಂಸ್ಕೃತ ಅರ್ಥವಾಗದವರಿಗೆ ಕನ್ನಡದಲ್ಲೂ ಇರುತ್ತದೆ, ವಾರಣಾಸಿಯಲ್ಲಿ ಸಾವಿರ ಕವಿಲೆ, ಅಂದರೆ ಹಸು, ಕೊಂದ ಪಾಪ ತಟ್ಟುತ್ತದೆ ಎಂದು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ದತ್ತಿ ಕೆಡಿಸಿದವನಿಗೆ "ಮಹಾಪಾತಕ" ಎಂಬ ಎಚ್ಚರಿಕೆ ಇದೆ. ನಮಗೆ ಗೊತ್ತಿರುವ ಕನ್ನಡ ಬರಹದ ಆರಂಭದಲ್ಲೇ ಶಾಪ ಬಂದುಬಿಟ್ಟಿದೆ ನೋಡಿ.

ಅರವತ್ತು ಸಾವಿರ ವರ್ಷ ಯಾಕೆ? ಕೊಟ್ಟ ರಾಜನಿಗೆ ಇದ್ದ ಭಯ ಕಳ್ಳನದ್ದಲ್ಲ, ಮುಂದೆ ಬರುವ ರಾಜನದ್ದು. ಇಂದು ತನ್ನ ಮಾತು ನಡೆಯುತ್ತದೆ. ನೂರು ವರ್ಷದ ನಂತರ ಬೇರೆ ವಂಶ, ಬೇರೆ ಧ್ವಜ. ಆ ರಾಜನನ್ನು ಯಾವ ನ್ಯಾಯಾಲಯಕ್ಕೆ ಎಳೆಯುವುದು? ಭೂಮಿಯ ಮೇಲೆ ಅಂಥ ನ್ಯಾಯಾಲಯ ಇಲ್ಲ. ಹಾಗಾಗಿ ಕೇಸನ್ನು ಯಮನ ಕಚೇರಿಗೆ ವರ್ಗಾಯಿಸಿದರು. ಬೆದರಿಕೆಯ ಪಕ್ಕದಲ್ಲೇ ಆಮಿಷವೂ ಇದೆ. ದಾನ ಕೊಟ್ಟವನಿಗೆ ಸ್ವರ್ಗ, ಆ ದಾನವನ್ನು ಕಾಪಾಡಿದವನಿಗೆ ಅದಕ್ಕಿಂತ ದೊಡ್ಡದಾದ, ಎಂದೂ ಜಾರದ ಪದವಿ ಎಂದು ಇನ್ನೊಂದು ಶ್ಲೋಕ ಹೇಳುತ್ತದೆ. ಯಾರೋ ಮಾಡಿದ ದಾನಕ್ಕೆ ನಾನ್ಯಾಕೆ ಕಾವಲು ಎನ್ನುವವನಿಗೆ ಇದು ಉತ್ತರ. ಬರೆದವರು ಮನುಷ್ಯನ ಬುದ್ಧಿ ಬಲ್ಲವರು.

ಶಾಪ ಕೆಲಸ ಮಾಡಿತಾ? ಅಷ್ಟಿಷ್ಟು. ಕೈತಪ್ಪಿ ಹೋಗಿದ್ದ ದತ್ತಿಯನ್ನು ಮತ್ತೆ ಬಿಟ್ಟುಕೊಟ್ಟ ಶಾಸನಗಳೂ ಇವೆ. ಅಂದರೆ ಹುಳುವಾಗಲು ತಯಾರಿದ್ದವರೂ ಇದ್ದರು. ಈಗಂತೂ ಕೆರೆ ಒತ್ತುವರಿ ಮಾಡಿ, ಅದೇ ಶಾಪದ ಕಲ್ಲನ್ನು ಚರಂಡಿಗೆ ಚಪ್ಪಡಿ ಹಾಸುವವರಿದ್ದಾರೆ.

ಭಯ ಕೆಲಸ ಮಾಡುತ್ತದಾ ಎಂಬ ಪ್ರಶ್ನೆಯನ್ನು ಈಗಿನ ಸಂಶೋಧಕರು ಕಪ್ಪು (ಬಟ್ಟಲು), ನಾಣ್ಯ, ದಾಳ ಇಟ್ಟುಕೊಂಡು ಕೇಳಿದ್ದಾರೆ. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಎಂಟು ಸಮುದಾಯಗಳ 591 ಜನರಿದ್ದರು. ತಾಂಜಾನಿಯಾದ ಹಡ್ಜಾ ಬೇಟೆಗಾರರು, ಸೈಬೀರಿಯಾದ ತುವಾ ಜನ, ಫಿಜಿಯವರು, ಮಾರಿಷಸ್‌ನ ಹಿಂದೂಗಳು ಹೀಗೆ. ಆಟ ಸರಳ. ಒಬ್ಬನಿಗೆ 30 ನಾಣ್ಯ, ಎರಡು ಕಪ್ಪು. ಒಂದು ಕಪ್ಪು ತನಗೆ, ಇನ್ನೊಂದು ದೂರದೂರಿನ, ಮುಖ ನೋಡದ, ತನ್ನದೇ ಧರ್ಮದವನಿಗೆ. ಮನಸ್ಸಿನಲ್ಲೇ ಒಂದು ಕಪ್ಪು ಆರಿಸಿಕೊಳ್ಳಬೇಕು. ಎರಡು ಬಣ್ಣದ ದಾಳ ಎಸೆಯಬೇಕು. ಒಂದು ಬಣ್ಣ ಬಿದ್ದರೆ ನಾಣ್ಯ ಆರಿಸಿದ ಕಪ್ಪಿಗೆ, ಇನ್ನೊಂದು ಬಿದ್ದರೆ ಆಚೆ ಕಪ್ಪಿಗೆ. ಮನಸ್ಸಿನಲ್ಲಿ ಯಾವುದನ್ನು ಆರಿಸಿದ್ದ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮೋಸಕ್ಕೆ ಬಾಗಿಲು ಹಾರು ಹೊಡೆದಿದೆ. ಎಲ್ಲರೂ ನೆಟ್ಟಗೆ ಆಡಿದರೆ ಎರಡೂ ಕಪ್ಪಿಗೆ ಸರಾಸರಿ 15 ಬೀಳಬೇಕು.

ನಮ್ಮ ದೇವರಿಗೆ ಮನಸ್ಸಿನೊಳಗಿನದ್ದೂ ಗೊತ್ತಾಗುತ್ತದೆ, ತಪ್ಪಿಗೆ ಶಿಕ್ಷೆ ಕೊಡುತ್ತಾನೆ ಎಂದು ಗಟ್ಟಿಯಾಗಿ ಹೇಳಿದವರು ದೂರದವನ ಕಪ್ಪಿಗೆ ಜಾಸ್ತಿ ನಾಣ್ಯ ಹಾಕಿದ್ದರು. ವ್ಯತ್ಯಾಸ ದೊಡ್ಡದಲ್ಲ, ಆದರೆ ಇದೆ. ಒಂದು ಮಾತು ಮರೆಯಬಾರದು. ಆ ಎರಡನೇ ಕಪ್ಪು "ನಮ್ಮ ಧರ್ಮದವನ" ಕಪ್ಪು. ಬೇರೆ ಧರ್ಮದವನ ಕಪ್ಪು ಅಲ್ಲಿ ಇರಲೇ ಇಲ್ಲ.

ಇನ್ನೊಂದು ಅಧ್ಯಯನ 2012ರದ್ದು. 67 ದೇಶಗಳ ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆಯನ್ನು ಆಯಾ ದೇಶಗಳ ಅಪರಾಧ ಪ್ರಮಾಣದ ಪಕ್ಕ ಇಟ್ಟು ನೋಡಿದರು. ನರಕವನ್ನು ಹೆಚ್ಚು ನಂಬುವ ಕಡೆ ಅಪರಾಧ ಕಡಿಮೆ, ಸ್ವರ್ಗವನ್ನು ಮಾತ್ರ ಹೆಚ್ಚು ನಂಬುವ ಕಡೆ ಅಪರಾಧ ಜಾಸ್ತಿ ಎಂದು ಬಂತು. ಕ್ಷಮಿಸುವ ದೇವರಿಗಿಂತ ದಂಡಿಸುವ ದೇವರು ಮೇಲು ಎಂದು ಪತ್ರಿಕೆಗಳು ಬರೆದವು. ನನಗೆ ಇದರ ಮೇಲೆ ಅಷ್ಟು ಭರವಸೆ ಇಲ್ಲ. ಎರಡು ಅಂಕಿ ಒಟ್ಟಿಗೆ ಏರಿಳಿದರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ. ಠಾಣೆಗೆ ಹೋಗಲು ಹೆದರುವ ದೇಶದಲ್ಲಿ ಕಾಗದದ ಮೇಲೆ ಅಪರಾಧ ಕಡಿಮೆಯೇ ಇರುತ್ತದೆ.

ಈ ಲೆಕ್ಕದ ಪುಸ್ತಕಕ್ಕೆ ಬೇಲಿ ಇರುತ್ತದೆ ಎನ್ನುವುದಕ್ಕೆ ಮ್ಯಾನ್ಮಾರ್ ನೋಡಬೇಕು. ಬೆಳಿಗ್ಗೆ ಬರಿಗಾಲಿನ ಭಿಕ್ಷುಗಳ ಸಾಲು ಬೀದಿಗೆ ಬರುತ್ತದೆ. ತಾನೇ ಕಷ್ಟದಲ್ಲಿರುವ ಹೆಂಗಸು ಒಂದು ಸೌಟು ಬಿಸಿ ಅನ್ನ ಹಾಕುತ್ತಾಳೆ. ಭಿಕ್ಷು ಥ್ಯಾಂಕ್ಸ್ ಹೇಳುವುದಿಲ್ಲ, ಹೇಳಬಾರದು ಕೂಡ. ಪುಣ್ಯ ಗಳಿಸುವ ಅವಕಾಶ ಸಿಕ್ಕಿದ್ದಕ್ಕೆ ಕೃತಜ್ಞತೆ ಇರಬೇಕಾದ್ದು ಕೊಟ್ಟವಳಿಗೆ. ಬ್ರಿಟನ್ನಿನ ಚಾರಿಟೀಸ್ ಏಡ್ ಫೌಂಡೇಶನ್ ತಯಾರಿಸುವ ಜಾಗತಿಕ ದಾನಪಟ್ಟಿಯಲ್ಲಿ 2014ರಿಂದ 2017ರವರೆಗೆ ಮ್ಯಾನ್ಮಾರ್ ಮೊದಲ ಸ್ಥಾನದಲ್ಲಿತ್ತು. ಮೊದಲ ವರ್ಷ ಮಾತ್ರ ಅಮೆರಿಕದ ಜೊತೆ ಹಂಚಿಕೊಂಡಿತ್ತು. ಬಡ ದೇಶವೊಂದು ಶ್ರೀಮಂತ ದೇಶಗಳನ್ನೆಲ್ಲ ಹಿಂದೆ ಹಾಕಿತು.

ಅದೇ 2017ರ ಆಗಸ್ಟ್‌ನಲ್ಲಿ ಅದೇ ದೇಶದ ಸೇನೆ ರೋಹಿಂಗ್ಯಾ ಮುಸ್ಲಿಮರ ಹಳ್ಳಿಗಳಿಗೆ ನುಗ್ಗಿತು. ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಹೋದರು. ಭಿಕ್ಷುಗಳಲ್ಲೇ ಕೆಲವರು ಮುಸ್ಲಿಮರ ವಿರುದ್ಧ ವಿಷ ಕಾರುತ್ತಿದ್ದರು. ಅನ್ನ ಬಡಿಸುವ ಕೈಯ ಪುಣ್ಯದ ಪುಸ್ತಕದಲ್ಲಿ ರೋಹಿಂಗ್ಯಾಗಳಿಗೆ ಒಂದು ಸಾಲೂ ಇರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಆದರೆ ಅದೇ ನಂಬಿಕೆ ಸೇನೆಯ ವಿರುದ್ಧವೂ ತಿರುಗಿತ್ತು. 2007ರ ಪ್ರತಿಭಟನೆಯಲ್ಲಿ ಭಿಕ್ಷುಗಳು ತಮ್ಮ ಪಾತ್ರೆ ಬೋರಲು ಹಾಕಿದರು. ಸೇನೆಯವರು, ಅವರ ಮನೆಯವರು ಕೊಡುವ ಭಿಕ್ಷೆ ಮುಟ್ಟುವುದಿಲ್ಲ ಎಂದರ್ಥ. ಹೊರಗಿನವರಿಗೆ ಇದು ಸಣ್ಣ ವಿಷಯ. ಆದರೆ ನೀನು ಎಷ್ಟೇ ಕೊಟ್ಟರೂ ನಿನ್ನ ಖಾತೆಗೆ ಪುಣ್ಯ ಜಮೆ ಆಗುವುದಿಲ್ಲ ಎಂದು ಬೌದ್ಧ ದೇಶವೊಂದರ ಜನರಲ್‌ಗೆ ಹೇಳುವುದು, ನಮ್ಮೂರ ಗೌಡನಿಗೆ ಹೆಣ ಎತ್ತಲು ಬರಲ್ಲ ಎಂದ ಹಾಗೆ.

ಖಾತೆ ಎಂದ ಮೇಲೆ ದುಡ್ಡಿನ ಮಾತು ಬಂದೇ ಬರುತ್ತದೆ. ಸತ್ತವರು ಶುದ್ಧಿಯಾಗಲು ಒಂದಷ್ಟು ಕಾಲ ಬೇಯಬೇಕು ಎಂದು ಕ್ಯಾಥೊಲಿಕ್ ಚರ್ಚು ಹೇಳಿತು. ಆ ಶಿಕ್ಷೆಯನ್ನು ಕಡಿಮೆ ಮಾಡುವ ಪತ್ರಗಳನ್ನು ಯೊಹಾನ್ ಟೆಟ್ಜೆಲ್ ಎಂಬ ಪಾದ್ರಿ ಜರ್ಮನಿಯಲ್ಲಿ ಊರೂರು ಸುತ್ತಿ ಮಾರಿದ. ರೋಮಿನ ಸಂತ ಪೀಟರ್ ಚರ್ಚು ಕಟ್ಟಲು ಹಣ ಬೇಕಿತ್ತು. 1517ರಲ್ಲಿ ಮಾರ್ಟಿನ್ ಲೂಥರ್ ಸಿಡಿದೆದ್ದಿದ್ದು ಈ ವ್ಯಾಪಾರದ ವಿರುದ್ಧ. ನಾವು ನಗಬೇಕಾಗಿಲ್ಲ. ವೈತರಣಿ ದಾಟಲು ಹಸುವಿನ ಬಾಲ ಹಿಡಿಯಬೇಕು, ಅದಕ್ಕೆ ಗೋದಾನ ಎಂಬುದು ನಮ್ಮ ಲೆಕ್ಕ. ಈಗ ಫ್ಲ್ಯಾಟಿನಲ್ಲಿ ಹಸು ಎಲ್ಲಿ ಕಟ್ಟುವುದು? ತಟ್ಟೆಯಲ್ಲಿ ತೆಂಗಿನಕಾಯಿ, ಮೇಲೊಂದು ನೋಟು ಇಟ್ಟರೆ ಆಯಿತು.

ಇಸ್ಲಾಮಿನಲ್ಲಿ ಪ್ರತಿ ಮನುಷ್ಯನ ಬಲಕ್ಕೆ ಒಬ್ಬ, ಎಡಕ್ಕೆ ಒಬ್ಬ ದೇವದೂತ ಕೂತು ಮಾಡಿದ್ದೆಲ್ಲ ಬರೆದುಕೊಳ್ಳುತ್ತಾರೆ. ಅಲ್ಲಿ ನನಗೆ ತುಂಬ ಹಿಡಿಸುವ ವಿಚಾರ ಸದಕಾ ಜಾರಿಯಾ, ಹರಿಯುತ್ತಲೇ ಇರುವ ದಾನ. ಮನುಷ್ಯ ಸತ್ತರೆ ಖಾತೆ ಮುಚ್ಚುತ್ತದೆ, ಮೂರಕ್ಕೆ ಮಾತ್ರ ಮುಚ್ಚುವುದಿಲ್ಲ: ಹರಿಯುವ ದಾನ, ಉಪಯೋಗಕ್ಕೆ ಬರುವ ಜ್ಞಾನ, ತನಗಾಗಿ ಪ್ರಾರ್ಥಿಸುವ ಒಳ್ಳೆಯ ಮಗು. ನೀವು ತೋಡಿಸಿದ ಬಾವಿಯಿಂದ ಯಾರೋ ನೀರು ಸೇದಿದಾಗಲೆಲ್ಲ ಸತ್ತ ನಿಮಗೆ ಜಮೆ. ಊರೂರಲ್ಲಿ ಬಾವಿ, ಮುಸಾಫಿರ್‌ಖಾನೆ, ಮದರಸಾ ಎದ್ದಿದ್ದರ ಹಿಂದೆ ಈ ಲೆಕ್ಕ ಇದೆ. ಅಂಗದಾನಕ್ಕೆ ಒಪ್ಪದ ಮೌಲ್ವಿಗಳು ದೇಹ ಅಲ್ಲಾಹನ ಅಮಾನತ್ತು, ಅಂದರೆ ಅವನು ನಂಬಿ ಕೊಟ್ಟಿಟ್ಟದ್ದು, ಅದನ್ನು ಕತ್ತರಿಸಬಾರದು ಎನ್ನುತ್ತಾರೆ. ಒಪ್ಪುವವರು ಅದನ್ನು ಸದಕಾ ಜಾರಿಯಾ ಎನ್ನುತ್ತಾರೆ. ಸೌದಿಯ ಹಿರಿಯ ಧರ್ಮಪಂಡಿತರ ಮಂಡಳಿ 1982ರಲ್ಲೇ ಒಪ್ಪಿಗೆ ಕೊಟ್ಟಿದೆ. ನಮ್ಮ ಮನೆಯ ಬಾಗಿಲಲ್ಲಿ ನಡೆದ ಜಗಳವೇ ಅಲ್ಲೂ ನಡೆದಿತ್ತು, ಭಾಷೆ ಬೇರೆ ಅಷ್ಟೇ.

ಇಸ್ರೇಲ್ ಬೇರೆ ದಾರಿ ಹಿಡಿಯಿತು. ಸತ್ತವರು ಕೊನೆಗೊಂದು ದಿನ ದೇಹ ಸಮೇತ ಏಳುತ್ತಾರೆ, ಆಗ ಅಂಗ ಕಮ್ಮಿ ಇದ್ದರೆ ಹೇಗೆ ಎಂಬ ಅಳುಕು ಅಲ್ಲಿನ ಕೆಲವು ಯಹೂದಿಗಳಲ್ಲಿತ್ತು. 2008ರ ಕಾನೂನು ಧರ್ಮದ ವಾದಕ್ಕೆ ಇಳಿಯದೆ, ದಾನದ ಕಾರ್ಡಿಗೆ ಸಹಿ ಹಾಕಿದವರಿಗೆ ಮುಂದೆ ಅಂಗ ಬೇಕಾದಾಗ ಸರದಿಯಲ್ಲಿ ಆದ್ಯತೆ ಎಂದುಬಿಟ್ಟಿತು. ಫಲ ಇಲ್ಲೇ, ಈ ಜನ್ಮದಲ್ಲೇ.

ಲೆಕ್ಕ ಮೊದಲೇ ಬರೆದಿಟ್ಟಿದ್ದರೆ? ಜಿನೀವಾದ ಕ್ರೈಸ್ತ ಸುಧಾರಕ ಕ್ಯಾಲ್ವಿನ್ ಹೇಳಿದ್ದು ಇದನ್ನೇ. ಯಾರಿಗೆ ಸ್ವರ್ಗ, ಯಾರಿಗೆ ನರಕ ಎಂದು ದೇವರು ಮೊದಲೇ ತೀರ್ಮಾನಿಸಿದ್ದಾನೆ. ಅದಕ್ಕೂ ಮುನ್ನೂರು ವರ್ಷ ಹಿಂದೆ ಉಡುಪಿಯ ಮಧ್ವಾಚಾರ್ಯರು ಜೀವರಲ್ಲೇ ಮೂರು ಬಗೆ ಎಂದಿದ್ದರು. ಮುಕ್ತಿಯೋಗ್ಯರು, ಸಂಸಾರದಲ್ಲೇ ಸುತ್ತುವವರು, ಎಂದೂ ಬಿಡುಗಡೆ ಇಲ್ಲದ ತಮೋಯೋಗ್ಯರು. ಎಲ್ಲ ಮೊದಲೇ ಗೊತ್ತಾಗಿದ್ದರೆ ಒಳ್ಳೆಯವನಾಗಿ ಏನು ಪ್ರಯೋಜನ ಎಂದು ಜನ ಕೈಚೆಲ್ಲಬೇಕಿತ್ತು ಅಲ್ವಾ? ಆದದ್ದು ತಿರುಗುಮುರುಗು. ಕ್ಯಾಲ್ವಿನ್ ಅನುಯಾಯಿಗಳು ಮೈಮುರಿದು ದುಡಿದರು. ಮಾಧ್ವರ ಮನೆಯ ಏಕಾದಶಿಯ ಕಟ್ಟುನಿಟ್ಟು ನೋಡಿದವರಿಗೆ ಗೊತ್ತು. ತಾನು ಯಾವ ಪಟ್ಟಿಯಲ್ಲಿದ್ದೇನೆ ಎಂಬುದು ಯಾರಿಗೂ ಗೊತ್ತಿಲ್ಲ. ಹಾಗಾಗಿ ನಾನು ಒಳ್ಳೆಯ ಪಟ್ಟಿಯವನು ಎಂದು ದಿನವೂ ತನಗೆ ತಾನೇ ತೋರಿಸಿಕೊಳ್ಳಬೇಕು. ಕ್ಯಾಲ್ವಿನ್‌ಪಂಥದವರ ಬಗ್ಗೆ ಹೀಗೆ ವಾದಿಸಿದವರು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್. ಉಡುಪಿಗೆ ಅದನ್ನು ಹೊಂದಿಸಿದ್ದು ನಾನು.

ಇನ್ನು ಕಹಿ ಭಾಗ. ಈ ಪುಸ್ತಕದ ಹೆಸರಲ್ಲಿ ಜೀವವೂ ಹೋಗಿದೆ. ಗಂಡನ ಚಿತೆ ಏರಿದವಳು ಮನುಷ್ಯನ ಮೈಮೇಲಿನ ಕೂದಲಿನಷ್ಟು, ಮೂರೂವರೆ ಕೋಟಿ ವರ್ಷ ಸ್ವರ್ಗದಲ್ಲಿರುತ್ತಾಳೆ ಎಂಬ ಶ್ಲೋಕ ಇತ್ತು. ಸತಿ ಹೋದವರ ನೆನಪಿಗೆ ನಿಲ್ಲಿಸಿದ ನಮ್ಮ ಊರುಗಳ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಒಂದು ಕೈ ಮೇಲೆದ್ದಿರುತ್ತದೆ. ಅದರ ಮುಂದೆ ನಿಂತಾಗ ನನಗೆ ಆಶೀರ್ವಾದ ಕಾಣುವುದಿಲ್ಲ. ರಾಮ್‌ಮೋಹನ್ ರಾಯ್ ಇದನ್ನು ಎದುರಿಸಿದ ರೀತಿ ಗಮನಿಸಬೇಕು. ಸ್ವರ್ಗ ಸುಳ್ಳು ಎಂದು ಅವರು ವಾದಿಸಲಿಲ್ಲ. ಫಲದ ಆಸೆಯಿಂದ ಮಾಡುವ ಕರ್ಮ ಕೀಳು ಎಂದು ಗೀತೆಯೇ ಹೇಳುತ್ತದೆ, ಸಹಗಮನ ಸ್ವರ್ಗದ ಆಸೆಯ ಕರ್ಮ, ಮೋಕ್ಷಕ್ಕೆ ಹತ್ತಿರವಾದದ್ದು ಬದುಕಿದ್ದು ನಡೆಸುವ ನಿಯಮದ ಜೀವನ ಎಂದರು. ಪುಸ್ತಕ ಹರಿಯಲಿಲ್ಲ, ಒಳಗಿನ ಬೆಲೆಪಟ್ಟಿ ತಿದ್ದಿದರು. 1829ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್‌ನ ಸತಿ ನಿಷೇಧ ಕಾಯ್ದೆ ಬಂತು.

ಅಂಬೇಡ್ಕರ್ ಅವರಿಗೆ ತಿದ್ದುವುದು ಸಾಲದಾಯಿತು. ಕೆಳಜಾತಿಯಲ್ಲಿ ಹುಟ್ಟಿದ್ದು ಹಿಂದಿನ ಜನ್ಮದ ಪಾಪ ಎಂದರೆ ಅನ್ಯಾಯ ಮಾಡಿದವನು ಪಾರು, ಅನುಭವಿಸಿದವನೇ ಅಪರಾಧಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎನ್ನುವುದೂ ಒಂದು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ ಇನ್ನೊಂದು ರೀತಿಯಲ್ಲಿ ಪುಸ್ತಕವನ್ನೇ ಇಲ್ಲಿಗೆ ಎಳೆದು ತಂದಿದ್ದರು. ಆಚಾರವೇ ಸ್ವರ್ಗ, ಅನಾಚಾರವೇ ನರಕ. ಸಾಯುವ ತನಕ ಕಾಯಬೇಕಾಗಿಲ್ಲ.

ಒಂದು ಧರ್ಮದವರು ತಮ್ಮ ಗ್ರಂಥದ ಪ್ರಕಾರವೇ ಪರಲೋಕ ನಂಬುತ್ತಾರೆ ಎಂದುಕೊಳ್ಳುವುದೂ ತಪ್ಪು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2019-20ರಲ್ಲಿ ಭಾರತದಲ್ಲಿ ಸುಮಾರು 30,000 ಜನರನ್ನು ಮಾತಾಡಿಸಿತು. ಹಿಂದೂಗಳಲ್ಲಿ ಶೇ 77 ಜನ ಕರ್ಮ ನಂಬುತ್ತೇವೆ ಎಂದರು. ಮುಸ್ಲಿಮರಲ್ಲಿ? ಅಲ್ಲೂ ಶೇ 77. ಪುನರ್ಜನ್ಮ ನಂಬುವ ಹಿಂದೂಗಳು ಶೇ 40 ಮಾತ್ರ. ಪಾಠಪುಸ್ತಕದಲ್ಲಿ ಒಂದೊಂದು ಧರ್ಮಕ್ಕೆ ಒಂದೊಂದು ಡಬ್ಬಿ ಮಾಡಿಟ್ಟಿದ್ದೇವೆ. ಸಂತೆಯಲ್ಲಿ ಅಕ್ಕಪಕ್ಕ ಕೂತು ವ್ಯಾಪಾರ ಮಾಡುವವರು "ಮಾಡಿದ್ದುಣ್ಣೋ ಮಾರಾಯ" ಎನ್ನುವಾಗ ಡಬ್ಬಿ ನೋಡುವುದಿಲ್ಲ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅತ್ತೆಯ ಮಾತಿಗೆ ದೊಡ್ಡಪ್ಪ ಒಪ್ಪಿದರು ಎಂದು ಹೇಳಲಾರೆ. ಬಾಗಿಲು ಬಿಟ್ಟು ಜಗಲಿಗೆ ಹೋಗಿ ಕೂತರು, ಅಷ್ಟೇ. ಐ ಬ್ಯಾಂಕಿನಿಂದ ಇಬ್ಬರು ಬಂದರು. ಅಜ್ಜಿಗೆ ಪೊರೆಯ ಆಪರೇಷನ್ ಆಗಿದೆ, ನಡೆಯುತ್ತಾ ಎಂದು ಕೇಳಿದೆ. ತೊಂದರೆ ಇಲ್ಲ ಎಂದರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ದೊಡ್ಡಪ್ಪ ಒಳಗೆ ಬಂದು ಮೊದಲು ನೋಡಿದ್ದು ಅಜ್ಜಿಯ ಮುಖವನ್ನೇ. ಗುಳಿ ಬಿದ್ದಿರಲಿಲ್ಲ, ಮಲಗಿದ ಹಾಗೇ ಇದ್ದಳು.

ಹನ್ನೊಂದನೇ ದಿನ ದಶದಾನ ನಡೆಯುತ್ತಿತ್ತು. ಪುರೋಹಿತರು ಎಳ್ಳು, ಬೆಲ್ಲ, ಉಪ್ಪು, ವಸ್ತ್ರ ಎಂದು ಒಂದೊಂದೇ ಹೆಸರು ಹೇಳಿ ನೀರು ಬಿಡಿಸುತ್ತಿದ್ದರು. ನಡುವೆ ದೊಡ್ಡಪ್ಪ ಅವರನ್ನು ತಡೆದು, ಸ್ವಲ್ಪ ಸಂಕೋಚದಿಂದಲೇ, "ನೇತ್ರದಾನ ಅಂತನೂ ಸೇರಿಸಿಬಿಡಿ" ಎಂದರು.

ಪುರೋಹಿತರು ಒಂದು ಕ್ಷಣ ನೋಡಿದರು. "ಅದಕ್ಕೆ ಮಂತ್ರ ನನಗೆ ಬರಲ್ಲ ರಾಯರೇ. ಸಂಕಲ್ಪದಲ್ಲಿ ಹೆಸರು ಹೇಳ್ತೀನಿ, ನೀರು ಬಿಡಿ."